ಸ್ಕ್ಯಾನ್‌ನಲ್ಲಿ ಕಾಣದ ತಲೆಸುತ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ರಾಜಾಜಿನಗರದ ಕಡೆಯ 44 ವರ್ಷದ ಪ್ರೌಢಶಾಲಾ ಶಿಕ್ಷಕಿ. ತಲೆಸುತ್ತು, ಕಿವಿಯಲ್ಲಿ ಸದ್ದು, ಶ್ರವಣನಷ್ಟ ತರುವ ಒಳಕಿವಿಯ ತೊಂದರೆಯಾದ ಮೆನಿಯೇರ್ ಕಾಯಿಲೆ ಎಂದು ಗುರುತಿಸಿದ್ದ ಕಿವಿ-ಮೂಗು-ಗಂಟಲು ತಜ್ಞರು, ಭಯ ಅತಿಯಾಗಿದೆಯೆಂದು ನನ್ನಲ್ಲಿಗೆ ಕಳುಹಿಸಿದ್ದರು. ಪತಿ ಕುಳಿತೊಡನೆ, "ಎಂಆರ್‌ಐ ನಾರ್ಮಲ್ ಬಂದಿದೆ. ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ನೀವೇ ಸ್ವಲ್ಪ ಬುದ್ಧಿ ಹೇಳಿ" ಎಂದರು.

ಆಕೆ ಬಿಡಿಬಿಡಿಯಾಗಿ ಹೇಳಿಕೊಂಡರು. ಎಡಗಿವಿ ಮೊದಲು ಕಟ್ಟಿಕೊಳ್ಳುತ್ತದೆ, ಗುಂಯ್ ಎನ್ನುವ ಸದ್ದು ಏರುತ್ತದೆ, ನೋಡನೋಡುತ್ತಿದ್ದಂತೆ ಕಪ್ಪುಹಲಗೆ, ಕಿಟಕಿ, ಮಕ್ಕಳು ಎಲ್ಲವೂ ಗಿರಗಿರನೆ ತಿರುಗುತ್ತವೆ. ವಾಂತಿ. ಎರಡು ಮೂರು ಗಂಟೆ ಏಳಲಾಗುವುದಿಲ್ಲ. ಒಮ್ಮೆ ತರಗತಿಯಲ್ಲೇ ಹೀಗಾದ ಮೇಲೆ ಸ್ಕೂಟರ್ ಬಿಟ್ಟರು, ಮೆಟ್ರೊ ಬಿಟ್ಟರು, ಮದುವೆಮನೆಗಳಿಗೂ ಹೋಗುವುದನ್ನು ನಿಲ್ಲಿಸಿದರು. ಅವರನ್ನು ಹಣ್ಣು ಮಾಡಿದ್ದು ತಲೆಸುತ್ತಿಗಿಂತ ಹೆಚ್ಚಾಗಿ, ಅದು ಮತ್ತೆ ಯಾವಾಗ ಬಂದೀತೋ ಎಂಬ ಕಾಯುವಿಕೆ.

ನಾನು ಮೊದಲು ಮಾತನಾಡಿದ್ದು ಪತಿಯೊಂದಿಗೆ. ಫೈಲಿನಿಂದ ಶ್ರವಣ ಪರೀಕ್ಷೆಯ ಹಾಳೆ ತೆಗೆದು ಮುಂದಿಟ್ಟೆ. ಬಲಗಿವಿಯ ಸೊನ್ನೆಗಳು ಮೇಲೆ ಸಾಲಾಗಿದ್ದವು. ಎಡಗಿವಿಯ ಗುಣಾಕಾರ ಗುರುತುಗಳು ತಗ್ಗು ಸ್ವರದ ಭಾಗದಲ್ಲಿ ಕೆಳಗೆ ಜಾರಿದ್ದವು, ಅಂದರೆ ಆ ಸ್ವರಗಳು ಆ ಕಿವಿಗೆ ಸರಿಯಾಗಿ ಕೇಳುತ್ತಿರಲಿಲ್ಲ. "ಇದು ಮನಸ್ಸು ಬರೆದದ್ದಲ್ಲ ಸಾರ್. ಕಿವಿಯ ನರದ ಮೇಲೆ ಗಡ್ಡೆಯಂಥದ್ದೇನೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಮಾಡಿಸುತ್ತಾರೆ. ಅದು ನಾರ್ಮಲ್ ಬಂದರೆ ಕಾಯಿಲೆಯೇ ಇಲ್ಲ ಎಂದಲ್ಲ" ಎಂದೆ. ಒಳಕಿವಿಯಲ್ಲಿ ದ್ರವ ಹೆಚ್ಚುವುದಕ್ಕೂ ಈ ಕಾಯಿಲೆಗೂ ಇರುವ ನಂಟನ್ನು ವಿವರಿಸಿದೆ. ಇಂಥ ತಲೆಸುತ್ತು ಮಿದುಳಿನದೆಂದು ವೈದ್ಯರೇ ನಂಬಿದ್ದ ಕಾಲವಿತ್ತು; ಕಿವಿಯಿಂದಲೂ ಬರಬಹುದೆಂದು ಫ್ರಾನ್ಸಿನ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ ಮುಂದಿಟ್ಟರು. ಪತಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹೆಂಡತಿ "ಏನು?" ಎಂದು ಮತ್ತೆ ಮತ್ತೆ ಕೇಳುವುದು ಅಸಡ್ಡೆಯೆಂದು ಅವರು ತಿಳಿದಿದ್ದರಂತೆ.

ಪತಿಗೆ ಹೇಳಿದ್ದು: ಬಲಗಡೆ ಕುಳಿತು, ಮುಖ ಕಾಣುವಂತೆ ಮಾತನಾಡಿ, ಅಡುಗೆಮನೆಯಿಂದ ಕೂಗಬೇಡಿ. ಆಕೆಗೆ: ಕಿವಿ ಕಟ್ಟಿದೊಡನೆ ಪಾಠ ನಿಲ್ಲಿಸಿ ಕುಳಿತುಬಿಡಿ, ಸಾಧ್ಯವಾದರೆ ಮಲಗಿ, ಅಲುಗಾಡದ ಒಂದು ವಸ್ತುವಿನ ಮೇಲೆ ದೃಷ್ಟಿಯಿಡಿ. ವೈದ್ಯರು ಒಪ್ಪುವವರೆಗೆ ಸ್ಕೂಟರ್, ಏಣಿ ಬೇಡ. ಮೆಟ್ರೊ ಮಾತ್ರ ಬಿಡಬೇಡಿ. ಮೊದಲು ಪತಿಯ ಜೊತೆ ಎರಡು ನಿಲ್ದಾಣ, ಆಮೇಲೆ ಒಬ್ಬರೇ. ಉಪ್ಪು ತಗ್ಗಿಸಲು ವೈದ್ಯರು ಹೇಳಿದ್ದರು. ಮನೆಯವರೆಲ್ಲರ ಸಾರಿಗೇ ಉಪ್ಪು ಕಡಿಮೆ ಹಾಕಿ, ಉಪ್ಪಿನಕಾಯಿ, ಹಪ್ಪಳ ದೂರವಿಡಿ ಎಂದೆ. ಒಬ್ಬರಿಗೇ ಬೇರೆ ತಟ್ಟೆಯಾದರೆ ಪಥ್ಯ ಶಿಕ್ಷೆಯಾಗುತ್ತದೆ. ಶ್ರವಣ ದಿಢೀರನೆ ಕುಗ್ಗಿದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಅಂಗವೈಕಲ್ಯ ಪ್ರಮಾಣಪತ್ರ ಸಿಗುವುದೇ ಎಂದು ಕೇಳಿದರು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟ ಕೇಳುತ್ತದೆ. ಆಕೆಗೆ ನಷ್ಟವಿರುವುದು ಒಂದೇ ಕಿವಿಯಲ್ಲಿ. ಹಾಗಾಗಿ ವೈದ್ಯರ ಪತ್ರ ಹಿಡಿದು ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡುವುದೇ ಉಳಿದ ದಾರಿ. ಕೆಲಸಕ್ಕೆ ಕುತ್ತು ಬಂದೀತೆಂಬ ಅಂಜಿಕೆ ಅವರಿಗೆ ಇನ್ನೂ ಇದೆ. ಮೊದಲು ಪಕ್ಕದ ತರಗತಿಯ ಸಹೋದ್ಯೋಗಿಗೆ ಹೇಳಲು ಒಪ್ಪಿದ್ದಾರೆ.