ಬಿಲ್ ಬಂತು, ತಿಳಿದದ್ದು ಎಲ್ಲಿ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ: ಕೆಲಸದ ಮೇಲೆ ಬೇರೆ ಊರಿಗೆ ಹೋಗಿ ಬಂದವರು ತಿಳಿದುಕೊಂಡದ್ದು ಉಳಿದವರಿಗೆ ತಲುಪುವುದು ಹೇಗೆ?

ಪ್ರಶ್ನೆ: ವಿಜಯಪುರದ ಹತ್ತಿರ ನಮ್ಮದು ಒಣದ್ರಾಕ್ಷಿ ಗ್ರೇಡಿಂಗ್ ಮತ್ತು ಪ್ಯಾಕಿಂಗ್ ಘಟಕ. 22 ಜನ ಇದ್ದೇವೆ. ವರ್ಷಕ್ಕೆ ಆರೇಳು ಸಲ ನಮ್ಮ ಹುಡುಗರು ತಾಸಗಾಂವ, ಇಂದೋರ್, ದೆಹಲಿ ಕಡೆ ಹೋಗಿ ಬರುತ್ತಾರೆ. ಬಂದ ಮೇಲೆ ಕೇಳಿದರೆ "ಏನ್ ವಿಶೇಷ ಇಲ್ರೀ, ಎಲ್ಲಾ ಚೊಲೋ ಆತು" ಅನ್ನುತ್ತಾರೆ. ರಿಪೋರ್ಟ್ ಫಾರ್ಮ್ ಮಾಡಿಸಿ ನೋಡಿದೆ. ತುಂಬಿ ಕೊಡುತ್ತಾರೆ, ಯಾರೂ ಓದುವುದಿಲ್ಲ. ಕಳೆದ ವರ್ಷ ಮಾರಾಟ ನೋಡಿಕೊಳ್ಳುತ್ತಿದ್ದ ಹಳೆಯ ಹುಡುಗ ಕೆಲಸ ಬಿಟ್ಟ. ಯಾವ ವ್ಯಾಪಾರಿಗೆ ಎಂಥ ಮಾಲು ಬೇಕು ಅನ್ನುವುದೆಲ್ಲ ಅವನ ಜೊತೆಗೇ ಹೋಯಿತು. ಏನು ಮಾಡಲಿ?

ಉತ್ತರ: ನಿಮ್ಮ ಹುಡುಗರು ಏನನ್ನೂ ಮುಚ್ಚಿಡುತ್ತಿಲ್ಲ. "ಏನಾಯ್ತು?" ಅಂತ ಕೇಳಿದರೆ ಯಾರೇ ಆದರೂ "ಎಲ್ಲಾ ಚೊಲೋ ಆತು" ಅಂತಲೇ ಹೇಳುತ್ತಾರೆ. ಮೂರು ದಿನ ತಿರುಗಿ ಬಂದವನಿಗೆ ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಿಳಿಯುವುದಿಲ್ಲ.

ಅದಕ್ಕೆ ಕೆಲಸ ಅವರು ಹೊರಡುವ ಮುಂಚೆಯೇ ಶುರುವಾಗಬೇಕು. ಹಿಂದಿನ ದಿನ, ಊರಲ್ಲೇ ಉಳಿಯುವವರನ್ನು ಕೇಳಿ. ಗ್ರೇಡಿಂಗ್ ಟೇಬಲ್ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ಏನು ತಿಳಿಯಬೇಕಾಗಿದೆ? ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವವರಿಗೆ? ಒಬ್ಬೊಬ್ಬರಿಂದ ಒಂದೇ ಪ್ರಶ್ನೆ ತೆಗೆದುಕೊಳ್ಳಿ. "ಕಡ್ಡಿ ಎಷ್ಟಿದ್ದರ ಮಾಲು ವಾಪಸ್ ಕಳಸ್ತಾರ?" "ಹಸಿರು ಬಣ್ಣ ಕೇಳೋರು ಯಾರು, ಹಳದಿ ಕೇಳೋರು ಯಾರು?" ಇಂಥವು ಸಾಕು. ಚೀಟಿಯಲ್ಲಿ ಬರೆದು ಹೋಗುವವನ ಕಿಸೆಗೆ ಹಾಕಿ. ಅವನ ಕಣ್ಣು, ಕಿವಿ ಆ ಕಡೆ ಇರುತ್ತವೆ. ಪ್ರಶ್ನೆ ಕೊಟ್ಟವರೂ ಅವನು ಬರುವುದನ್ನೇ ಕಾಯುತ್ತಾರೆ. ಯಾರೂ ಓದದ ಫಾರ್ಮ್‌ಗಿಂತ ಕಾಯುವ ಒಬ್ಬ ಮನುಷ್ಯ ಎಷ್ಟೋ ಮೇಲು.

ಇನ್ನು ತಡ ಮಾಡಬಾರದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಮರೆವಿನ ಬಗ್ಗೆ ತಮ್ಮ ಮೇಲೆಯೇ ಮಾಡಿಕೊಂಡ ಪ್ರಯೋಗಗಳನ್ನು 1885ರಲ್ಲಿ ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಮರೆತುಹೋಗುತ್ತಿತ್ತು. ಒಂದು ದಿನ ಕಳೆದರೆ ಸುಮಾರು ಮೂರರಲ್ಲಿ ಎರಡು ಪಾಲು. ವ್ಯಾಪಾರದ ಮಾತಿಗೆ ಅರ್ಥ ಇರುತ್ತದೆ, ಅಷ್ಟು ಬೇಗ ಅಳಿಸಿಹೋಗುವುದಿಲ್ಲ. ಆದರೆ ಅಂಕಿ, ಹೆಸರು, ಆಡಿದ ಮಾತು ಇದ್ದ ಹಾಗೇ ನೆನಪಿರುವುದು ಕಷ್ಟ.

ಇದರ ಪೆಟ್ಟು ನನಗೂ ಬಿದ್ದಿದೆ. ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಇದ್ದಾಗ ಒಮ್ಮೆ ಕೊಯಮತ್ತೂರಿಗೆ ಹೋಗಿ ಮೂರು ಫೌಂಡ್ರಿ ನೋಡಿ ಬಂದೆ. ಭಾನುವಾರ ನಿಧಾನವಾಗಿ ಬರೆದರಾಯಿತು ಅಂತ ಬಿಟ್ಟೆ. ಭಾನುವಾರ ಡೈರಿ ತೆಗೆದರೆ ಒಂದು ಪುಟದಲ್ಲಿ 3.2 ಅಂತ ಇದೆ, ಅದರ ಸುತ್ತ ಎರಡು ಸಲ ಗೆರೆ ಎಳೆದಿದ್ದೇನೆ. ಎರಕದ ಅಚ್ಚು ಕಟ್ಟುವ ಮರಳಿನ ತೇವದ ಅಂಕಿಯೂ ಅಷ್ಟಿರಬಹುದು, ಎರಕದ ಕಬ್ಬಿಣದಲ್ಲಿರುವ ಕಾರ್ಬನ್‌ ಅಂಕಿಯೂ ಅಷ್ಟಿರಬಹುದು. ಯಾವುದು? ಯಾವ ಫೌಂಡ್ರಿಯದು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎರಡು ಗೆರೆ ಎಳೆಯುವಷ್ಟು ಮುಖ್ಯವಾದ ವಿಷಯ ಕೈಬಿಟ್ಟು ಹೋಯಿತಲ್ಲ ಅಂತ ಇವತ್ತಿಗೂ ಬೇಜಾರಾಗುತ್ತದೆ.

ಆದ್ದರಿಂದ ವ್ಯಾಪಾರಿಯ ಅಂಗಡಿ ಮೆಟ್ಟಿಲು ಇಳಿದ ಕೂಡಲೇ, ಆಟೋ ಹತ್ತುವ ಮುಂಚೆ, ವಾಟ್ಸಾಪ್‌ನಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲು ಹೇಳಿ. ಯಾರನ್ನು ಕಂಡೆ, ಏನು ಅಂದರು, ಯಾವ ರೇಟು ಹೇಳಿದರು. ಮನೆಯಲ್ಲಿ ಆಡುವ ಮಾತಲ್ಲೇ ಹೇಳಲಿ. ಬರೆಯೋಕೆ ಹಿಂಜರಿಯುವವರೂ ಮಾತಾಡೋಕೆ ಹಿಂಜರಿಯುವುದಿಲ್ಲ, ಅಲ್ವಾ?

ಬಂದ ಮರುದಿನ ಬೆಳಗಿನ ಚಹಾದ ಹೊತ್ತಿಗೆ ಇಪ್ಪತ್ತು ನಿಮಿಷ ಎಲ್ಲರೂ ಕೂತುಕೊಳ್ಳಿ. ಚೀಟಿಯ ಪ್ರಶ್ನೆಗಳಿಗೆ ಉತ್ತರ ಮೊದಲು ಬರಲಿ. ಆಮೇಲೆ ನಾಲ್ಕು ಮಾತು ಕೇಳಿ: ಏನಾಗಬೇಕು ಅಂದುಕೊಂಡು ಹೋಗಿದ್ದೆವು? ಆದದ್ದು ಏನು? ಯಾಕೆ ಹಾಗಾಯಿತು? ಮುಂದಿನ ಸಲ ಏನು ಮಾಡೋಣ? ಇದು ಅಮೆರಿಕದ ಸೈನ್ಯ ತರಬೇತಿ ಮುಗಿದ ಮೇಲೆ ಕೂತು ಮಾತಾಡಲು ರೂಢಿಸಿಕೊಂಡ ಕ್ರಮ. ಅಲ್ಲಿ ಮೇಲಿನವರು, ಕೆಳಗಿನವರು ಅನ್ನದೆ ಎಲ್ಲರೂ ಮಾತಾಡುತ್ತಾರೆ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ನೀವು ಮಾಲೀಕರು. ಒಬ್ಬ ಹುಡುಗ "ಆರ್ಡರ್ ಕೈತಪ್ಪಿತ್ರೀ" ಅಂದಾಗ ನಿಮ್ಮ ಮುಖ ಗಂಟಾದರೆ ಮುಂದಿನ ಸಲ ಮತ್ತೆ "ಎಲ್ಲಾ ಚೊಲೋ ಆತು" ಅನ್ನುವ ಉತ್ತರವೇ ಬರುತ್ತದೆ. ಬರೆದುಕೊಳ್ಳುವ ಕೆಲಸ ಕೇಳುವವರಲ್ಲಿ ಒಬ್ಬರಿಗಿರಲಿ, ಹೋಗಿ ಬಂದವನಿಗೆ ಬೇಡ.

ಕೆಲವು ವಿಷಯ ಮಾತಲ್ಲೂ ಬರುವುದಿಲ್ಲ. ನಿಮ್ಮಂಥದೇ ಇನ್ನೊಂದು ಘಟಕದಲ್ಲಿ ಒಬ್ಬ ಹುಡುಗನನ್ನು ವ್ಯಾಪಾರಿ ಮಾಲು ಹೇಗೆ ನೋಡುತ್ತಾರೆ ಅಂತ ಕೇಳಿದೆ. "ಕೈಯಾಗ ತಗೊಂಡು ನೋಡ್ತಾರ್ರೀ ಸರ" ಅಂದ, ಅಷ್ಟೇ. ಅವನ ಮುಂದೆ ಒಂದು ಟ್ರೇ ಒಣದ್ರಾಕ್ಷಿ ಇಟ್ಟೆ. ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಮುಷ್ಟಿ ಕಟ್ಟಿದ, ಬಿಟ್ಟ. ಕಾಳು ಬಿಡಿಬಿಡಿಯಾಗಿ ಉದುರಿದವು. ಇನ್ನೊಂದು ಪೆಟ್ಟಿಗೆಯಿಂದ ತೆಗೆದು ಮತ್ತೆ ಹಾಗೇ ಮಾಡಿದ. ಈ ಸಲ ಅಂಗೈಯಲ್ಲಿ ಉಂಡೆಯೇ ನಿಂತಿತು, ಎರಡು ಕಾಳು ಬೆರಳಿಗೆ ಅಂಟಿಕೊಂಡವು. ತೇವ ಜಾಸ್ತಿ. ಆಮೇಲೆ ಒಂದು ಕಾಳನ್ನು ಉಗುರಿನಿಂದ ಸೀಳಿ ಒಳಗಿನ ಬಣ್ಣ ನೋಡಿದ. ಟೇಬಲ್ ಸುತ್ತ ನಿಂತ ಹೆಣ್ಣುಮಕ್ಕಳೆಲ್ಲ ತಾವೂ ಒಂದೊಂದು ಹಿಡಿ ತೆಗೆದುಕೊಂಡು ಮುಷ್ಟಿ ಕಟ್ಟಿ ನೋಡಿದರು. ಎರಡು ನಿಮಿಷದ ಕೆಲಸ. ಇದನ್ನು ಯಾವ ಫಾರ್ಮ್‌ನಲ್ಲಿ ತುಂಬುತ್ತೀರಿ?

ಜಪಾನಿನ ಮತ್ಸುಶಿತಾ ಕಂಪನಿಯಲ್ಲೂ 1985ರ ಸುಮಾರಿಗೆ ಇಂಥದೇ ನಡೆಯಿತು. ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರದಲ್ಲಿ ಹಿಟ್ಟು ಸರಿಯಾಗಿ ನಾದಿ ಬರುತ್ತಿರಲಿಲ್ಲ. ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಮಾಡುವ ಹೆಣ್ಣುಮಗಳು ಒಸಾಕಾದ ಹೋಟೆಲೊಂದರ ಮುಖ್ಯ ಬ್ರೆಡ್ ಭಟ್ಟರ ಹತ್ತಿರ ನಾದುವುದನ್ನು ಕಲಿತರು. ಭಟ್ಟರು ಹಿಟ್ಟನ್ನು ಒಂದು ಬಗೆಯಲ್ಲಿ ಎಳೆಯುತ್ತಿದ್ದರು. ಇಂಜಿನಿಯರುಗಳ ಜೊತೆ ಎಷ್ಟೋ ಸಲ ಪ್ರಯತ್ನಿಸಿದ ಮೇಲೆ ಯಂತ್ರದ ಪಾತ್ರೆಯೊಳಗೆ ಏಣುಗಳನ್ನು ಇಟ್ಟು ಆ ಎಳೆತವನ್ನು ತಂದರು. ತಾವು ಕೈಯಿಟ್ಟು ಕಲಿಯದಿದ್ದರೆ ಅದು ಅವರಿಗೆ ಸಿಗುತ್ತಿರಲಿಲ್ಲ. ಆದ್ದರಿಂದ ನಿಮ್ಮ ಹುಡುಗರು ಬರುವಾಗ ಬೇರೆ ಕಡೆಯ ಮಾಲಿನ ಅರ್ಧ ಕೆಜಿ ಸ್ಯಾಂಪಲ್ ತರಲಿ, ಮಾಡಿ ತೋರಿಸಲಿ.

ಕೊನೆಗೆ ಬರೆದಿಡುವ ಜಾಗ. ಟೂರ್ ಪ್ರಕಾರ ಫೈಲ್ ಇಡಬೇಡಿ. "ಮಾರ್ಚ್ ತಿಂಗಳ ಇಂದೋರ್ ಟೂರ್" ಅಂತ ಬರೆದ ಫೈಲನ್ನು ಯಾರೂ ತೆರೆಯುವುದಿಲ್ಲ. ಒಬ್ಬ ವ್ಯಾಪಾರಿಗೆ ಒಂದು ಪುಟ ಇಡಿ. ಹೋಗಿ ಬಂದ ಪ್ರತಿಯೊಬ್ಬರೂ ತಾರೀಖು ಹಾಕಿ ಅದೇ ಪುಟಕ್ಕೆ ಎರಡು ಸಾಲು ಸೇರಿಸಲಿ. ಹೊಸಬ ಹೊರಡುವ ಮುಂಚೆ ಆ ಪುಟ ಓದಿಕೊಂಡು ಹೋಗಲಿ. ಕೆಲಸ ಬಿಟ್ಟ ಹುಡುಗನನ್ನೂ ಒಂದು ದಿನ ಊಟಕ್ಕೆ ಕರೆಯಿರಿ. ಒಳ್ಳೆಯ ಮಾತಲ್ಲಿ ಹೋಗಿದ್ದರೆ ಖಂಡಿತ ಬರುತ್ತಾನೆ. ಅರ್ಧ ದಿನದ ಪಗಾರ ಕೊಟ್ಟು ಒಂದೊಂದೇ ಪುಟ ತುಂಬಿಸಿಕೊಳ್ಳಿ.

ಪ್ರಶ್ನೆ: ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೇನೆ. ಬೇರೆ ಫೌಂಡ್ರಿ ನೋಡಿ ಬಾ ಅಂತ ಕಳಿಸುತ್ತಾರೆ. ಬಂದ ಮೇಲೆ ಇಂಗ್ಲಿಷ್‌ನಲ್ಲಿ ರಿಪೋರ್ಟ್ ಕೇಳುತ್ತಾರೆ. ಬರೆಯಲು ಕೂತರೆ ಕಂಡದ್ದೇ ಮರೆತುಹೋಗುತ್ತದೆ.

ಉತ್ತರ: ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಬೇಕಾದರೆ ಆಫೀಸಿನವರು ಮಾಡಿಕೊಳ್ಳಲಿ. ನಿಮ್ಮ ರಿಪೋರ್ಟ್ ಓದಬೇಕಾದವರು ಮೋಲ್ಡಿಂಗ್ ಮಾಡುವವರು, ಅಂದರೆ ಮರಳಿನ ಅಚ್ಚು ಕಟ್ಟುವವರು ತಾನೇ?

ಅರ್ಧ ಪುಟ ಸಾಕು. ಆದರೆ ಕಂಡದ್ದು, ಕೇಳಿದ್ದು, ನಿಮಗೆ ಅನಿಸಿದ್ದು ಈ ಮೂರನ್ನೂ ಬೇರೆಬೇರೆ ಬರೆಯಿರಿ. "ರಿಜೆಕ್ಷನ್ ಕಡಿಮೆ ಆಗಿದೆ" ಅಂತ ಅಲ್ಲಿಯವರು ಹೇಳಿದ್ದು ಕೇಳಿದ್ದರಲ್ಲಿ ಇರಬೇಕು. ಹಾಗೇ ಬಿಟ್ಟರೆ ಆರು ತಿಂಗಳಲ್ಲಿ ಅದೇ ಸತ್ಯ ಆಗಿಬಿಡುತ್ತದೆ.

ಅಂಕಿ ಬರೆದರೆ ಪಕ್ಕದಲ್ಲೇ ಅದು ಯಾವ ಪರಿಸ್ಥಿತಿಯದ್ದು ಅಂತಲೂ ಬರೆಯಿರಿ. ಯಂತ್ರವೇ ಮರಳನ್ನು ಜೋರಾಗಿ ಒತ್ತಿ ಅಚ್ಚು ಮಾಡುವ ಹೈ ಪ್ರೆಶರ್ ಮೋಲ್ಡಿಂಗ್ ಲೈನಿಗೆ ಹೊಂದುವ ಮರಳಿನ ತೇವ ನಿಮ್ಮ ಕೈ ಮೋಲ್ಡಿಂಗಿಗೆ ಹೊಂದುತ್ತದೆ ಅನ್ನುವಂತಿಲ್ಲ. ಯಂತ್ರ ಯಾವುದು, ಎರಕದ ತೂಕ ಎಷ್ಟು, ಮಳೆಗಾಲವೋ ಬೇಸಿಗೆಯೋ, ಇಷ್ಟು ಇದ್ದರೆ ಆ ಅಂಕಿ ಕೆಲಸಕ್ಕೆ ಬರುತ್ತದೆ. ನಿಮ್ಮ ಹಿರಿಯ ಮೋಲ್ಡರ್‌ಗಳು ಮರಳನ್ನು ಮುಷ್ಟಿಯಲ್ಲಿ ಹಿಚುಕಿ, ಬೆರಳ ಗುರುತು ಮೂಡಿತಾ, ಮುರಿದರೆ ಅಂಚು ಸರಿ ನಿಂತಿತಾ ಅಂತ ನೋಡುತ್ತಾರಲ್ಲ, ಅಂಥವರನ್ನೂ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಲು ಮಾಲೀಕರನ್ನು ಕೇಳಿ. ನಿಮ್ಮ ಕಣ್ಣಿಗೆ ಬೀಳದ್ದು ಅವರ ಕೈಗೆ ತಿಳಿಯುತ್ತದೆ.

ಒಳಗೆ ಫೋನ್ ಬಿಡದಿದ್ದರೆ ಗೇಟಿನ ಹೊರಗೆ ಬಂದ ತಕ್ಷಣ ಪೆನ್ಸಿಲ್‌ನಲ್ಲಿ ಚಿತ್ರ ಬರೆಯಿರಿ. ಆದರೆ "ಇದನ್ನು ಹೊರಗೆ ಹೇಳಬೇಡಿ" ಅಂತ ಅವರು ಹೇಳಿದ್ದನ್ನು ಬರೆಯಲೇಬೇಡಿ. ನಂಬಿಕೆ ಹೋದರೆ ಎರಡನೇ ಸಲ ಗೇಟು ತೆರೆಯುವುದಿಲ್ಲ.

ಪ್ರಶ್ನೆ: ಗುಳೇದಗುಡ್ಡದಲ್ಲಿ ನಾವು ಹತ್ತು ಹೆಣ್ಣುಮಕ್ಕಳು ಸೇರಿ ಖಣ ಮಾರುತ್ತೇವೆ. ಬೆಂಗಳೂರಿನ ಮೇಳಗಳಿಗೆ ಪ್ರತಿ ಸಲ ಒಬ್ಬರೇ ಹೋಗುತ್ತಾರೆ. ಏನು ತಿಳಿಯಿತು ಅಂತ ನಮಗೆ ಗೊತ್ತೇ ಆಗುವುದಿಲ್ಲ.

ಉತ್ತರ: ಇಬ್ಬರು ಹೋಗಿ, ಅದರಲ್ಲಿ ಒಬ್ಬರು ಹೊಸಬರಿರಲಿ. ಖರ್ಚು ಬರುತ್ತದೆ, ಆದರೂ ನನ್ನ ಮಾತು ಅದೇ.

ಅಲ್ಲಿ ಮಾರಾಟವಾದದ್ದನ್ನು ಲೆಕ್ಕ ಹೇಗೂ ಇಡುತ್ತೀರಿ. ಮಾರಾಟವಾಗದ್ದನ್ನೂ ಬರೆಯಿರಿ. ಯಾರಾದರೂ ಒಂದು ಖಣ ಕೈಗೆ ತೆಗೆದುಕೊಂಡು ನೋಡಿ ವಾಪಸ್ ಇಟ್ಟರೆ ಏನು ಕೇಳಿದರು ಅನ್ನುವುದನ್ನು ಗುರುತು ಹಾಕಿ. ಬಣ್ಣ ಬಿಡುತ್ತದಾ, ಕುರ್ತಾಕ್ಕೆ ಸಾಕಾಗುವಷ್ಟು ಉದ್ದ ಸಿಗುತ್ತದಾ, ಹೀಗೆ. ಊರಿಗೆ ಬಂದ ಮೇಲೆ ಆ ಹಾಳೆಯನ್ನು ನಡುವೆ ಇಟ್ಟುಕೊಂಡು ಹತ್ತೂ ಜನ ಕೂರಿ. ಯಾವ ಪ್ರಶ್ನೆಗೆ ಜಾಸ್ತಿ ಗುರುತು ಬಿದ್ದಿವೆಯೋ ಅದನ್ನು ಹಿಡಿದುಕೊಂಡು ಮುಂದಿನ ಮೇಳಕ್ಕೆ ಯಾವ ಬಣ್ಣ, ಎಷ್ಟು ಉದ್ದ ಅಂತ ನೇಕಾರರ ಹತ್ತಿರ ಮಾತಾಡಿ.