ತೆಂಗಿನ ಗರಿ ಸುಡಬೇಡಿ, ಬುಡಕ್ಕೆ ಹಾಕಿ

ಪ್ರಶ್ನೆ: ತಿಪಟೂರು ಕಡೆ ನಮ್ಮದು ಎರಡು ಎಕರೆ ತೆಂಗಿನ ತೋಟ, ಕೆಂಪು ಮಣ್ಣು. ಬೇಸಿಗೆಯಲ್ಲಿ ಎಷ್ಟು ನೀರು ಬಿಟ್ಟರೂ ಎರಡೇ ದಿನಕ್ಕೆ ಪಾತಿ ಒಣಗುತ್ತೆ. ಗರಿ, ಕಾಯಿ ಸುಲಿದ ಮಟ್ಟೆ ಎಲ್ಲಾ ಬದುವಿನಲ್ಲಿ ರಾಶಿ ಹಾಕಿ ಸುಡ್ತೀವಿ. ಅದನ್ನೇ ಮುಚ್ಚಿಗೆ ಮಾಡಬಹುದಾ? ಗೆದ್ದಲು ಬರಲ್ವಾ?

ಉತ್ತರ: ಸುಡೋದನ್ನ ಇವತ್ತೇ ನಿಲ್ಲಿಸಿ ಸ್ವಾಮಿ. ಬೆಂಕಿ ಹಾಕಿದರೆ ಉಳಿಯೋದು ಒಂದಿಷ್ಟು ಬೂದಿ ಮಾತ್ರ, ಮಣ್ಣಿಗೆ ಸೇರಬೇಕಾದ ಕಸವೆಲ್ಲ ಹೊಗೆಯಾಗಿ ಹೋಗುತ್ತೆ. ಬುಡದಿಂದ ಸುತ್ತಲೂ ಸುಮಾರು 2 ಮೀಟರ್ ದೂರದವರೆಗಿನ ಪಾತಿಗೆ 10-15 ಒಣ ಗರಿ ಸಾಕು, ಒಂದೊಂದನ್ನೂ ಎರಡು ಮೂರು ತುಂಡು ಮಾಡಿ ಹರಡಿ. ಮಟ್ಟೆಯಾದರೆ ಬೋರಲು ಜೋಡಿಸಿ, ಉಬ್ಬಿದ ಕಡೆ ಮೇಲೆ ಬರಲಿ. ಮಟ್ಟೆ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತೆ, ಬೇಗ ಕರಗೋದೂ ಇಲ್ಲ, ಹಾಗಾಗಿ ನನಗಂತೂ ಗರಿಗಿಂತ ಅದೇ ಇಷ್ಟ.

ಆದರೆ ಹೊತ್ತು ನೋಡಿ ಹಾಕಬೇಕು. ಹಿಂಗಾರು ಮಳೆ ಮುಗಿಯುವ ಹೊತ್ತಿಗೆ, ಮಣ್ಣು ಇನ್ನೂ ಹಸಿಯಾಗಿರುವಾಗಲೇ ಮುಚ್ಚಿ. ಏಪ್ರಿಲ್‌ನಲ್ಲಿ ಒಣಗಿದ ನೆಲದ ಮೇಲೆ ಹಾಕಿದರೆ ಸಣ್ಣ ಮಳೆಯೆಲ್ಲ ಮೇಲಿನ ಕಸವೇ ಕುಡಿದುಬಿಡುತ್ತೆ, ಬೇರಿಗೆ ಏನೂ ಸಿಗಲ್ಲ. ಮೊದಲು ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಮುಚ್ಚಿಗೆ.

ಗೆದ್ದಲು ಬರುತ್ತೆ, ಸುಳ್ಳು ಹೇಳಲ್ಲ. ಅದು ತಿನ್ನೋದು ಜಾಸ್ತಿ ಒಣ ಕಸವನ್ನೇ, ದೊಡ್ಡ ಮರಕ್ಕೆ ಅಷ್ಟು ಭಯ ಇಲ್ಲ. ಎಳೆ ಸಸಿ ಇದ್ದರೆ ಮಾತ್ರ ಕಾಂಡದ ಸುತ್ತ ಒಂದಡಿ ಖಾಲಿ ಬಿಟ್ಟು, ಬೇವಿನ ಹಿಂಡಿ ಉದುರಿಸಿ. ಸುಳಿ ಕೊರೆಯುವ ದುಂಬಿ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳ್ತೀನಿ: ಅದು ಮೊಟ್ಟೆ ಇಡೋದು ತಿಪ್ಪೆಯಲ್ಲಿ, ಕೊಳೆತ ಕಾಂಡದಲ್ಲಿ. ತಿಪ್ಪೆ ಆಗಾಗ ಕೆದಕಿ ನೋಡಿ, ಹುಳ ಸಿಕ್ಕರೆ ಕೋಳಿಗೆ ಹಾಕಿ.