ಚೇಂಬರ್ ಕ್ವಾಯರ್ ಆಡಿಷನ್: ಗಮಕ ಬಿಟ್ಟು ಸ್ವರ ನಿಲ್ಲಿಸುವುದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದೇನೆ. ಮೈಸೂರಿನಲ್ಲಿ ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತು ಸೀನಿಯರ್ ಪರೀಕ್ಷೆ ಮುಗಿಸಿದ್ದೇನೆ. ನನ್ನ ಶ್ರುತಿ (ಷಡ್ಜ ಹಿಡಿಯುವ ಎತ್ತರ) ಐದೂವರೆ. ಇನ್ನು ಮೂರು ವಾರಕ್ಕೆ ಕಾಲೇಜಿನ ಚೇಂಬರ್ ಕ್ವಾಯರ್ ಆಡಿಷನ್ ಇದೆ. ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಅಷ್ಟಿಷ್ಟು ಓದಬಲ್ಲೆ. ತಯಾರಿ ಹೇಗಿರಬೇಕು?

ಉತ್ತರ: ಚೇಂಬರ್ ಕ್ವಾಯರ್ ಸಾಮಾನ್ಯವಾಗಿ ಇಪ್ಪತ್ತು–ಮೂವತ್ತು ಜನರ ಗಾಯನ ತಂಡ. ಸೊಪ್ರಾನೊ, ಆಲ್ಟೊ (ಹೆಣ್ಣು ದನಿಯ ಮೇಲಿನ, ಕೆಳಗಿನ ಸಾಲು), ಟೆನರ್, ಬೇಸ್ (ಗಂಡು ದನಿಯ ಮೇಲಿನ, ಕೆಳಗಿನ ಸಾಲು) ಎಂದು ನಾಲ್ಕು ಸಾಲು. ಒಂದೊಂದರಲ್ಲಿ ಐದಾರು ದನಿ. ಎಷ್ಟೋ ಹಾಡುಗಳಿಗೆ ವಾದ್ಯವೇ ಇರುವುದಿಲ್ಲ. ಒಂದು ದನಿ ಎದ್ದು ಕೇಳಿದರೂ ಸಾಲು ಕೆಡುತ್ತದೆ. ನಿರ್ದೇಶಕರ ಕಿವಿ ಮೊದಲು ಹೋಗುವುದೇ ಅಲ್ಲಿಗೆ.

ನಿಮಗೆ ಅಡ್ಡ ಬರುವುದು ಗಮಕ, ಅಂದರೆ ಸ್ವರವನ್ನು ತೂಗಿ, ಜಾರಿಸಿ ಹಾಡುವ ರೂಢಿ. ಶಂಕರಾಭರಣ ರಾಗದ ಸ್ವರಸ್ಥಾನಗಳೂ ಪಾಶ್ಚಾತ್ಯರ ಮೇಜರ್ ಸ್ಕೇಲಿನವೂ ಒಂದೇ. ಆದರೆ ನಾವು ಹಾಡುವಾಗ ಮ, ನಿ ಸುಮ್ಮನೆ ನಿಲ್ಲುವುದಿಲ್ಲ. ಸಾಲಿನವರೆಲ್ಲ ನಿ ಹಿಡಿದಿದ್ದಾಗ ನಿಮ್ಮ ನಿ ಮಾತ್ರ ಷಡ್ಜದ ಕಡೆ ವಾಲಿದರೆ ನಾಲ್ಕೂ ಸಾಲಿನ ಸ್ವರಮೇಳ ಕಲಕುತ್ತದೆ. ಇದಕ್ಕೆ ಮದ್ದು ನಮ್ಮಲ್ಲೇ ಇದೆ: ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು. ಐರೋಪ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿದ ಈ ಪುಟ್ಟ ರಚನೆಗಳನ್ನು ಗಮಕವಿಲ್ಲದೆ ಹಾಡುವುದೇ ರೂಢಿ. ‘ಶಕ್ತಿಸಹಿತ ಗಣಪತಿಂ’ ತೆಗೆದುಕೊಂಡು, ಸಾಹಿತ್ಯ ಬಿಟ್ಟು ಬರೀ ‘ನೂ’ ಎಂದು ನಿಧಾನವಾಗಿ ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಸ್ವರದಿಂದ ಸ್ವರಕ್ಕೆ ಜಾರು ಕೇಳಿಸಿದ ಕಡೆ ಮತ್ತೆ ಹಾಡಿ. ತಂಬೂರಿ ಆ್ಯಪ್ ಹಾಕಬೇಡಿ. ಮೊದಲ ಸ್ವರವನ್ನಷ್ಟೇ ಕೀಬೋರ್ಡಿನಲ್ಲಿ ಒತ್ತಿ, ಮುಗಿದ ಮೇಲೆ ಮತ್ತೆ ಒತ್ತಿ ನೋಡಿ. ಶ್ರುತಿ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ.

ಹೆಚ್ಚಿನವರು ಎಡವುವುದು ಸೈಟ್ ರೀಡಿಂಗ್‌ನಲ್ಲಿ, ಅಂದರೆ ಸ್ವರಲಿಪಿ ನೋಡಿದ ಕೂಡಲೇ ಹಾಡುವುದರಲ್ಲಿ. ನಾಲ್ಕರಿಂದ ಎಂಟು ಬಾರ್‌ಗಳ (ನಮ್ಮ ತಾಳದ ಆವರ್ತದಂಥ ಭಾಗಗಳು) ಕಂಡರಿಯದ ಸಾಲು ಕೊಟ್ಟು, ಅರ್ಧ ನಿಮಿಷವೋ ಒಂದು ನಿಮಿಷವೋ ನೋಡಲು ಬಿಡುತ್ತಾರೆ. ಆಗ ಮೊದಲು ಷಡ್ಜ ಹುಡುಕಿ. ಮೇಜರ್‌ನಲ್ಲಿ ಸಾಲಿನ ಆರಂಭದ ಶಾರ್ಪ್‌ಗಳಲ್ಲಿ (ಅರ್ಧ ಸ್ವರ ಏರಿಸುವ ♯ ಗುರುತು) ಕೊನೆಯದು ಯಾವಾಗಲೂ ನಿ, ಫ್ಲಾಟ್‌ಗಳಲ್ಲಿ (ಅರ್ಧ ಸ್ವರ ಇಳಿಸುವ ♭ ಗುರುತು) ಕೊನೆಯದು ಮ. ಒಂದೇ ಶಾರ್ಪ್ ಇದ್ದರೆ ಅದು ಎಫ್. ಅದೇ ನಿ, ಹಾಗಾಗಿ ಜಿ ಷಡ್ಜ. ಒಂದೇ ಫ್ಲಾಟ್ ಇದ್ದರೆ ಅದು ಬಿ. ಅದು ಮ, ಕೆಳಕ್ಕೆ ಎಣಿಸಿ: ಗ ಎ, ರಿ ಜಿ, ಸ ಎಫ್. ಸಾಲು ‘ದ’ ಸ್ವರದ ಮೇಲೆ ಬಂದು ನಿಂತರೆ ಬಹುಶಃ ಮೈನರ್ (‘ದ’ವನ್ನೇ ನೆಲೆ ಮಾಡಿಕೊಂಡ ಸ್ಕೇಲು). ಸರಿಗಮದಲ್ಲೇ ಓದಬಹುದೇ ಎಂದು ಕೇಳಿ. ಅವರ ಡೊ-ರೆ-ಮಿ ಪದ್ಧತಿಯಲ್ಲೂ ಷಡ್ಜ ಹೀಗೆ ಜಾಗ ಬದಲಿಸುವುದುಂಟು. ಸ್ವರ ತಪ್ಪಿದರೆ ಹಿಂದಕ್ಕೆ ಹೋಗಬೇಡಿ. ಬೆರಳಲ್ಲಿ ಸದ್ದಿಲ್ಲದೆ ತಾಳ ಹಾಕುತ್ತಾ ಮುಂದಿನ ಬಾರ್‌ಗೆ ಸೇರಿಕೊಳ್ಳಿ. ತಪ್ಪು ಸ್ವರವನ್ನು ಕ್ಷಮಿಸುತ್ತಾರೆ, ನಿಂತ ತಾಳವನ್ನು ಕ್ಷಮಿಸುವುದು ಕಷ್ಟ. ದಿನಕ್ಕೆ ಐದು ಹೊಸ ಸಾಲು ಓದಿ. ಓದಿದ್ದನ್ನೇ ಮತ್ತೆ ಓದಿದರೆ ಅದು ಬಾಯಿಪಾಠ.

ಕಿವಿಯ ಪರೀಕ್ಷೆಯಲ್ಲಿ, ಕೇಳಿದ ನಾಲ್ಕೈದು ಸ್ವರ ತಿರುಗಿ ಹಾಡುವುದು ನಿಮಗೆ ಸಲೀಸು. ಮೂರು ಸ್ವರ ಒಟ್ಟಿಗೆ ನುಡಿಸಿ ‘ನಡುವಿನದು ಹಾಡಿ’ ಎಂದರೆ ಮಾತ್ರ ತಬ್ಬಿಬ್ಬಾಗುತ್ತದೆ. ಸ-ಗ-ಪ ಒಟ್ಟಿಗೆ ಒತ್ತಿ ಗ ಹೆಕ್ಕುವ ಅಭ್ಯಾಸ ಈಗಲೇ ಶುರು ಮಾಡಿ.

ಐದೂವರೆ ಶ್ರುತಿಯಲ್ಲಿ ಎದೆದನಿಯಿಂದ ಹಾಡಿದವರು ‘ನಾನು ಆಲ್ಟೊ’ ಎಂದುಬಿಡುತ್ತಾರೆ. ನೀವು ಹಾಗೆ ಹೇಳಬೇಡಿ. ನಿಮ್ಮ ದನಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಪಿಯಾನೊದಲ್ಲಿ ಅರ್ಧರ್ಧ ಸ್ವರ ಏರಿಸುತ್ತಾ ನಿರ್ದೇಶಕರೇ ನೋಡುತ್ತಾರೆ. ಮೇಲೆ ಹೋದಂತೆ ಗಟ್ಟಿಯಾಗಿ ತಳ್ಳದೆ, ದನಿ ಹಗುರಾಗಿ ತಲೆಗೇರಲು ಬಿಡಿ.

ಹಾಡಿನ ಆಯ್ಕೆ ನಿಮಗೇ ಬಿಟ್ಟಿದ್ದರೆ ಇಟಾಲಿಯನ್ ಹಾಡು ಒಳ್ಳೆಯದು. ಅದರ ಶುದ್ಧ ಸ್ವರಾಕ್ಷರಗಳು ಕನ್ನಡದ ಬಾಯಿಗೆ ಹತ್ತಿರ. ಇಂಗ್ಲಿಷ್ ಹಾಡಾದರೆ ಎರಡು ಎಚ್ಚರ: ‘ಡೇ’ ಎಂಬಲ್ಲಿ ‘ಏ’ಯನ್ನೇ ಎಳೆದು ‘ಯ್’ ಛಾಯೆಯನ್ನು ತುದಿಯಲ್ಲಷ್ಟೇ ಮುಟ್ಟಿಸಿ, ‘ನೈಟ್’ ಎಂಬುದು ‘ನೈಟು’ ಆಗದಿರಲಿ.

ಪಿಯಾನೊ ನುಡಿಸುವವರಿಗೆ ನೀವು ಹಾಡುವ ಶ್ರುತಿಯಲ್ಲೇ ಬರೆದ ಸ್ವರಲಿಪಿಯ ಪ್ರತಿ ಬೇಕು. ಹಾಳೆಗಳನ್ನು ಅಂಟಿಸಿ ಕೊಡಿ, ಮೊದಲ ಎರಡು ಬಾರ್ ಗುನುಗಿ ವೇಗ ತಿಳಿಸಿ. ರಿಹರ್ಸಲ್ ದಿನ ಲ್ಯಾಬ್ ಇದ್ದರೆ ಅದನ್ನು ಅರ್ಜಿಯಲ್ಲೇ ಬರೆದುಬಿಡಿ.